ಸವಕಳಿ

ದೂಮಣ್ಣನ ಖಜಾನೆ ಎಂದರೆ ಒಂದು ಬಿಸ್ಕತ್ತಿನ ಡಬ್ಬಿ.
ಮುಚ್ಚಳ ತೆರೆದರೆ ಮೊದಲು ಕರ್ಪೂರದ ವಾಸನೆ,
ಆಮೇಲೆ ನೋಟು, ಟೆಂಪೊದವನ ಚೀಟಿ,
ಗೆಜ್ಜೆಯಿಂದ ಕಳಚಿದ ಎರಡು ಗುಂಡು,
ಪದ್ಯ ಬರೆದ ನೋಟುಬುಕ್ಕಿನ ಹಿಂಬದಿಯಲ್ಲಿ ಪೆನ್ಸಿಲಿನ ಲೆಕ್ಕ:
ಚಾ ೪೦. ಅಕ್ಕಿ ಹಿಟ್ಟು ೧೫.
ಬಣ್ಣ, ಇಲ್ಲಿ ಅಂಕಿ ಅಳಿಸಿದೆ, ಬೆವರಿರಬೇಕು.

ಇಪ್ಪತ್ತಾರು ವರ್ಷ ಒಂದು ಪೈಸೆ ತಪ್ಪಲಿಲ್ಲ ಎನ್ನುತ್ತಾರೆ.
ತಪ್ಪಿದ್ದರೆ ತಿಳಿಯುವ ದಾರಿಯೂ ಇರಲಿಲ್ಲ
ಎಂದು ನಾನು ಹೇಳಲಿಲ್ಲ.

ಭಾಂಡುಪಿನ ಶಾಲೆಯ ಒಂದೇ ಕೋಣೆಯಲ್ಲಿ
ಹನ್ನೆರಡು ಮಕ್ಕಳು ಹೆಜ್ಜೆ ಕಲಿಯುತ್ತಿದ್ದಾಗ
ಡಬ್ಬಿ ಸಾಕಿತ್ತು.
ಈಗ ಐರೋಲಿಯಲ್ಲೊಂದು ತರಗತಿ, ಡೊಂಬಿವಲಿಯಲ್ಲಿ ಎರಡು,
ತೊಂಬತ್ತಮೂರು ಮಕ್ಕಳು,
ಅರ್ಧದಷ್ಟು ಮಂದಿಯ ಮನೆಮಾತು ಮರಾಠಿ, ಒಬ್ಬಳದು ಭೋಜ್‌ಪುರಿ;
ಧೀಂಗಿಣ ಹೊಡೆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.
ಪೈಪಿನ ಕಂಪನಿಯೊಂದು ಆರು ಲಕ್ಷ ಕೊಟ್ಟಿದೆ,
ಜೊತೆಗೆ ಹದಿನಾಲ್ಕು ಪುಟದ ಕರಾರು.
ಫೋರ್ಟಿನ ಹಡಗು ಕಚೇರಿಯಲ್ಲಿ ಕೂಡಿ ಕಳೆಯುವವಳು ನಾನು,
ಹಾಗಾಗಿ ಸಭೆಯಲ್ಲಿ ಎಲ್ಲರ ಕಣ್ಣೂ ನನ್ನ ಕಡೆ.

ಮೊದಲ ಆಡಿಟಿಗೆ ಬಂದ ಮೃಣ್ಮಯೀ ದಾಂಡೇಕರ
ಕಿರೀಟವನ್ನು ಎರಡೂ ಕೈಯಲ್ಲಿ ಹಿಡಿದು
ತುಂಬ ಮರ್ಯಾದೆಯಿಂದ ಕೇಳಿದಳು:
ಇದರ ಆಯುಸ್ಸು ಎಷ್ಟು ವರ್ಷ ಎಂದು ಬರೆಯಲಿ?
ಅವಳು ಕೇಳಿದ್ದು ಹಿಂದಿಯಲ್ಲಿ. ಭಾಗವತರು ನಕ್ಕದ್ದು ಕನ್ನಡದಲ್ಲಿ.
ಇದನ್ನು ಹೊತ್ತ ಕರ್ಣ ಎಷ್ಟು ಸಲ ಸತ್ತಿದ್ದಾನೋ,
ಸತ್ತು, ಬೆಳಗಿನ ಐದರ ಲೋಕಲ್ ಹಿಡಿದು
ಕ್ಯಾಂಟೀನಿನಲ್ಲಿ ಇಡ್ಲಿ ಹೊಯ್ದಿದ್ದಾನೋ.
ಹತ್ತು, ಎಂದೆ.
ಹಾಗಾದರೆ ವರ್ಷಕ್ಕೆ ಹತ್ತನೇ ಒಂದು ಪಾಲು ಸವಕಳಿ,
ಬರೆದುಕೊಂಡಳು.

ಜುಲೈಯಲ್ಲಿ ಮದ್ದಳೆಯ ಐತಪ್ಪಣ್ಣ ಮುಲುಂಡಿನ ಆಸ್ಪತ್ರೆ ಸೇರಿದರು.
ಪಿತ್ತಕೋಶ. ನಲವತ್ತು ಸಾವಿರ, ಸಂಜೆಯೊಳಗೆ.
ಬ್ಯಾಂಕಿನಲ್ಲಿ ಹಣವಿತ್ತು. ಇದ್ದದ್ದು ಎಲ್ಲರಿಗೂ ಗೊತ್ತಿತ್ತು.
ಅದು ಮಕ್ಕಳ ವೇಷದ ಹಣ; ಕರಾರಿನ ಏಳನೆಯ ಪುಟ.
ಚೆಕ್ಕಿಗೆ ಎರಡು ಸಹಿ.
ಭಾಗವತರು ತಮ್ಮದನ್ನು ಹಾಕಿಯೇ ತಂದಿದ್ದರು.

ನಾನು ಪೆನ್ನು ತೆರೆಯಲಿಲ್ಲ.
ಆ ಫ್ಯಾನು ಅಷ್ಟು ಸದ್ದು ಮಾಡುತ್ತದೆಂದು
ಅವತ್ತೇ ಗೊತ್ತಾದದ್ದು.
ನಿನಗೆ ತಾಳ ಕಲಿಸಿದ ಕೈ ಅದು, ಅಂದರು ಯಾರೋ.
ಹೌದು. ಏಕ, ರೂಪಕ, ಝಂಪೆ, ತ್ರಿವುಡೆ,
ಮೊಣಗಂಟಿಗೆ ಬೆರಳಿಂದ ಕುಟ್ಟಿ ಕುಟ್ಟಿ.
ಒಂದು ಅಕ್ಷರ ಹೆಚ್ಚು ತುರುಕಿದರೂ
ಪದ್ಯ ಬೀಳುವುದಿಲ್ಲ ಹೆಣ್ಣೇ, ಕುಣಿಯುವವನು ಬೀಳುತ್ತಾನೆ,
ಎಂದದ್ದೂ ಅವರೇ.
ಅದನ್ನು ಅಲ್ಲಿ ಹೇಳುವ ಧೈರ್ಯ ಇರಲಿಲ್ಲ.

ಡಬ್ಬಿ ತೆಗೆದುಕೊಂಡು ಮನೆಮನೆ ಹತ್ತಿಳಿದೆವು.
ನನ್ನ ಹತ್ತು ಸಾವಿರ, ದೂಮಣ್ಣನ ಚೀಟಿ ಹಣ,
ಭೋಜ್‌ಪುರಿ ಹುಡುಗಿಯ ಅಪ್ಪ ರಿಕ್ಷಾ ನಿಲ್ಲಿಸಿ ಕೊಟ್ಟ ಮುನ್ನೂರು.
ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ರಸೀದಿ ಬರೆದೆ, ಒಬ್ಬೊಬ್ಬರಿಗೂ.
ರಸೀದಿಯಾ? ನನಗಾ? ಎಂದ ದೂಮಣ್ಣ,
ನಾನು ಕೈ ಚಾಚಿಯೇ ಇದ್ದೆ.
ಕೊನೆಗೆ ಮಡಚಿ ಕನ್ನಡಕದ ಪೆಟ್ಟಿಗೆಯಲ್ಲಿಟ್ಟ.

ಮುಂದಿನ ಸಭೆಯಲ್ಲಿ ಆಪತ್ತು ನಿಧಿ ಎಂಬ ಹೊಸ ಸಾಲು,
ಪ್ರತಿ ಆಟದಿಂದ ನೂರಕ್ಕೆ ಐದು.
ಯಾರೂ ಮಾತಾಡಲಿಲ್ಲ, ಎಲ್ಲರೂ ಕೈ ಎತ್ತಿದರು.
ಭಾಗವತರು ನನ್ನೊಡನೆ ಮಾತು ಬಿಟ್ಟು ದೀಪಾವಳಿ ಕಳೆಯಿತು.
ಈಗ ಆಡುತ್ತಾರೆ. ವೋಚರು ತಿರುವಿ, ಕನ್ನಡಕದ ಮೇಲಿಂದ,
ಐರೋಲಿಯಲ್ಲಿ ಚಾಕ್ಕೆ ಎಪ್ಪತ್ತು ಯಾಕೆ? ಹಾಲು ಚಿನ್ನದ್ದಾ?

ಐತಪ್ಪಣ್ಣ ಮರಳಿದ್ದಾರೆ, ಎಂಟು ಕಿಲೊ ಇಳಿದು.
ಮದ್ದಳೆಗೆ ಹೊಸ ಚರ್ಮ, ಕರಣೆ, ಬಿಲ್ಲು ಫೈಲಿನಲ್ಲಿದೆ.
ಅವರ ಹೆಬ್ಬೆರಳ ಬುಡದ ಆ ಗಂಟು
ಈ ತಖ್ತೆಯ ಯಾವ ಕಾಲಮ್ಮಿಗೂ ಸೇರುವುದಿಲ್ಲ,
ಮೃಣ್ಮಯೀ ಕೂಡ ಅದನ್ನು ನೋಡಿ
ಏನೋ ಕೇಳಹೊರಟು, ಬಿಟ್ಟಳು.

ಆಖೈರು ಶಿಲ್ಕು: ಎರಡು ಸಾವಿರದ ನೂರ ಹನ್ನೊಂದು.
ಡಬ್ಬಿಯನ್ನು ತೊಳೆದು ಕಿಟಕಿಯಲ್ಲಿ ಕವುಚಿದ್ದೇನೆ.
ಕರ್ಪೂರದ ವಾಸನೆ ಹೋಗಿಲ್ಲ.